ಪಿಂಗ್ ಮಾಡಿದ್ರೆ ಲಿನಕ್ಸ್, ಪೋರ್ಟ್ ನೋಡಿದ್ರೆ ವಿಂಡೋಸ್: ಈ ಒಂದು ಮೆಷಿನ್ ಯಾವುದು?

ಲ್ಯಾಬ್_ಕೀಲಿಕೈ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಅಂದ್ರೆ ಕೇಬಲ್ ಎಳೆಯುವುದರಿಂದ ಹಿಡಿದು ಆಫೀಸಿನ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಹಾಳೆ ಬಿಡಿಸುವವರೆಗೆ ಎಲ್ಲ ನಾನೇ. ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಅದಕ್ಕೆ ಮೇಲಿನವರು "ಯಾವ ಕಂಪ್ಯೂಟರ್‌ನಲ್ಲಿ ಯಾವ ಓಎಸ್ ಇದೆ, ಪಟ್ಟಿ ಕೊಡಿ" ಅಂದಿದ್ದಾರೆ. ಸುಮಾರು 140 ಮೆಷಿನ್, ನಾಲ್ಕು ಮಹಡಿ. ಪರೀಕ್ಷೆ ನಡೀತಿದೆ, ಅರ್ಧ ರೂಮಿಗೆ ಬೀಗ. ಹಾಗಾಗಿ ಕೂತಲ್ಲಿಂದಲೇ ಎನ್‌ಮ್ಯಾಪ್ (ನೆಟ್‌ವರ್ಕ್‌ನಲ್ಲಿ ಏನೇನಿದೆ ಅಂತ ತಡಕುವ ಟೂಲ್) ಓಡಿಸಿ ಪಟ್ಟಿ ಮಾಡ್ತಿದ್ದೇನೆ. ಲಿಖಿತ ಒಪ್ಪಿಗೆ ತಗೊಂಡಿದ್ದೇನೆ, ಅದನ್ನೇ ಮೊದಲು ಕೇಳ್ತೀರಿ ಅಂತ ಗೊತ್ತು.

ಜಾಸ್ತಿ ಮೆಷಿನ್‌ಗಳದ್ದು ತೊಂದರೆ ಇಲ್ಲ. ಒಂದು ಮಾತ್ರ ತಲೆ ತಿಂತಿದೆ. ಐಪಿಯ ಕೊನೆ 37. ಪಿಂಗ್ ಮಾಡಿದರೆ (ಇದ್ದೀಯಾ ಅಂತ ಕೇಳಿದರೆ) ಬರೋ ಉತ್ತರದಲ್ಲಿ ಟಿಟಿಎಲ್ ಅನ್ನೋ ಅಂಕಿ 64, ಅಂದ್ರೆ ಲಿನಕ್ಸ್ ಥರ. ಆದರೆ ಪೋರ್ಟ್ 3389 (ಒಂದೊಂದು ಸೇವೆಗೆ ಒಂದೊಂದು ನಂಬರಿನ ಬಾಗಿಲು ಇರುತ್ತಲ್ಲ, ಅದು) ತೆರೆದಿದೆ, ಅದು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್. ಓಎಸ್ ಪತ್ತೆ ಆಯ್ಕೆ ಕೊಟ್ಟು ಓಡಿಸಿದರೆ ಎನ್‌ಮ್ಯಾಪ್ ಒಂದು ಸಾಲಲ್ಲಿ ಲಿನಕ್ಸ್ 2.6 ಅನ್ನುತ್ತೆ, ಅದರ ಪಕ್ಕದಲ್ಲೇ ವಿಂಡೋಸ್ 7 ಅನ್ನುತ್ತೆ, ಕೊನೆಗೆ ನಿಖರವಾಗಿ ಯಾವುದೂ ಹೊಂದಲಿಲ್ಲ ಅಂತ ಕೈ ಎತ್ತುತ್ತೆ. ಮೂರು ಸಲ ಓಡಿಸಿದೆ, ಮೂರೂ ಸಲ ಇದೇ ಕಥೆ. ಏನಿರಬಹುದು?

ಎದ್ದು_ಹೋಗಿ_ನೋಡಿ · ರಾತ್ರಿ 9:52

ನನ್ನ ಹೆಸರೇ ಉತ್ತರ.

ಲ್ಯಾಬ್_ಕೀಲಿಕೈ · ರಾತ್ರಿ 9:55

ಸರ್, ಎಲ್ಲಿಗೆ ಎದ್ದು ಹೋಗಲಿ? ಆ ಐಪಿ ಯಾವ ರೂಮಿನದು ಅಂತಲೇ ಗೊತ್ತಿಲ್ಲ. ನಮ್ಮ ಸ್ವಿಚ್‌ಗಳು ಮ್ಯಾನೇಜ್ಡ್ ಅಲ್ಲ, ಯಾವ ಪೋರ್ಟಿನ ಹಿಂದೆ ಯಾರಿದ್ದಾರೆ ಅಂತ ಅವು ಹೇಳಲ್ಲ.

ಪಿಂಗ್_ಪುಟ್ಟ · ರಾತ್ರಿ 10:03

64 ಅಂದ್ರೆ ಲಿನಕ್ಸ್, 128 ಅಂದ್ರೆ ವಿಂಡೋಸ್. ಇಷ್ಟೇ. 3389 ಇದ್ದ ಮಾತ್ರಕ್ಕೆ ವಿಂಡೋಸ್ ಆಗಬೇಕಿಲ್ಲ ಗುರುಗಳೇ, ಲಿನಕ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕೊಡೋ ಎಕ್ಸ್‌ಆರ್‌ಡಿಪಿ ಹಾಕಿದರೂ ಅದೇ ಪೋರ್ಟ್ ತೆರೆಯುತ್ತೆ. ಯಾರೋ ಉಬುಂಟುಗೆ ಹಾಕಿಕೊಂಡಿದ್ದಾರೆ, ಬರೆದು ಮುಂದೆ ಹೋಗಿ.

ರಾತ್ರಿಪಾಳಿ · ರಾತ್ರಿ 10:41

ಪುಟ್ಟ, ಎಕ್ಸ್‌ಆರ್‌ಡಿಪಿ ವಿಚಾರ ಒಳ್ಳೆಯ ಅನುಮಾನ, ಆದರೆ "ಇಷ್ಟೇ" ಅನ್ನೋದು ಬೇಡ.

ಟಿಟಿಎಲ್ ಅಂದ್ರೆ ಈ ಪ್ಯಾಕೆಟ್ ಇನ್ನೆಷ್ಟು ರೌಟರ್ ದಾಟಬಹುದು ಅನ್ನೋ ಲೆಕ್ಕ. ಒಂದೊಂದು ರೌಟರ್ ದಾಟಿದಾಗಲೂ ಒಂದು ಕಮ್ಮಿ ಆಗುತ್ತೆ. ಲಿನಕ್ಸ್, ಆಪಲ್ ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲ 64ರಿಂದ ಶುರು ಮಾಡ್ತವೆ. ಈಗಿನ ವಿಂಡೋಸ್‌ಗಳೆಲ್ಲ 128ರಿಂದ. ಸಿಸ್ಕೋ ರೌಟರ್‌ಗಳು 255ರಿಂದ. ವಿಂಡೋಸ್ 95 ಕಾಲದಲ್ಲಿ ಅದು 32ರಿಂದ ಶುರುವಾಗ್ತಿತ್ತು. ಹಾಗಾಗಿ ನಿಮಗೆ 57 ಬಂತು ಅಂದ್ರೆ 64ರಿಂದ ಹೊರಟು ಏಳು ರೌಟರ್ ದಾಟಿದೆ ಅಂತ ಊಹಿಸಬಹುದು. ಆದರೆ ಇದು ಯಾರು ಬೇಕಾದರೂ ಬದಲಾಯಿಸಬಹುದಾದ ಅಂಕಿ. ಲಿನಕ್ಸ್‌ನಲ್ಲಿ ಒಂದು ಸಾಲಿನ ಕಮಾಂಡ್, ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ ಒಂದು ಕೀ. ಮತ್ತೆ 64 ಅಂದ ಕೂಡಲೇ ಲಿನಕ್ಸ್ ಪಿಸಿ ಅಂತಲೂ ಅಲ್ಲ, ಗೋಡೆ ಮೇಲಿನ ಕ್ಯಾಮೆರಾ ಡಿವಿಆರ್ ಕೂಡ 64 ಕೊಡುತ್ತೆ.

ಇದಕ್ಕಿಂತ ಗಟ್ಟಿ ಗುರುತು ಟಿಸಿಪಿ ಆಯ್ಕೆಗಳ ಸಾಲು. ಕನೆಕ್ಷನ್ ಶುರು ಮಾಡೋ ಮೊದಲ ಪ್ಯಾಕೆಟ್‌ನಲ್ಲಿ, ಅದೇ ಸಿನ್‌ನಲ್ಲಿ, ಎಮ್‌ಎಸ್‌ಎಸ್ (ಒಂದು ತುಂಡಿನಲ್ಲಿ ಹಿಡಿಯೋ ಗರಿಷ್ಠ ಡೇಟಾ) ಎಷ್ಟು, ವಿಂಡೋ ಸ್ಕೇಲ್ ಎಷ್ಟು, ಸ್ಯಾಕ್ ಬರುತ್ತಾ, ಟೈಮ್‌ಸ್ಟ್ಯಾಂಪ್ ಉಂಟಾ ಅಂತೆಲ್ಲ ಬರೆದಿರುತ್ತೆ. ಯಾವುದು ಮೊದಲು ಯಾವುದು ಆಮೇಲೆ ಅಂತ 1981ರ ಆರ್‌ಎಫ್‌ಸಿ 793, ಅಂದ್ರೆ ಟಿಸಿಪಿಯ ನಿಯಮ ಬರೆದ ದಾಖಲೆ, ಕಟ್ಟಳೆ ಹಾಕಿಲ್ಲ. ಒಗ್ಗರಣೆ ಇದ್ದ ಹಾಗೆ. ಒಬ್ಬರ ಮನೇಲಿ ಸಾಸಿವೆ ಸಿಡಿದ ಮೇಲೆ ಇಂಗು, ಇನ್ನೊಬ್ಬರ ಮನೇಲಿ ಇಂಗು ಮೊದಲು. ಲಿನಕ್ಸ್ ಎಮ್‌ಎಸ್‌ಎಸ್, ಸ್ಯಾಕ್, ಟೈಮ್‌ಸ್ಟ್ಯಾಂಪ್, ಒಂದು ನಾಪ್ (ಬರೀ ಜಾಗ ತುಂಬೋ ಬೈಟ್), ಆಮೇಲೆ ವಿಂಡೋ ಸ್ಕೇಲ್ ಅಂತ ಬರೆಯುತ್ತೆ. ವಿಂಡೋಸ್ ಎಮ್‌ಎಸ್‌ಎಸ್, ನಾಪ್, ವಿಂಡೋ ಸ್ಕೇಲ್, ಎರಡು ನಾಪ್, ಕೊನೆಗೆ ಸ್ಯಾಕ್. ಟೈಮ್‌ಸ್ಟ್ಯಾಂಪ್ ಸಾಮಾನ್ಯವಾಗಿ ಹಾಕೋದೇ ಇಲ್ಲ. ಟಿಟಿಎಲ್ ಬದಲಾಯಿಸಿದಷ್ಟು ಸುಲಭವಾಗಿ ಈ ಕ್ರಮ ಬದಲಾಯಿಸೋಕೆ ಆಗಲ್ಲ, ಅದು ಕರ್ನಲ್ ಒಳಗೆ ಕೂತಿರುತ್ತೆ.

ವಿಂಡೋ ಸೈಜ್ (ಒಂದೇ ಸಲಕ್ಕೆ ಎಷ್ಟು ಬೈಟ್ ತಗೊಳ್ತೀನಿ ಅನ್ನೋ ಅಂಕಿ) ನೋಡಿ ಹೇಳೋದು ಮಾತ್ರ ಈಗ ಕಷ್ಟ. ಹಳೆಯ 2.6 ಕರ್ನಲ್ 5840 ಕೊಡ್ತಿತ್ತು, ಆಮೇಲೆ 14600 ಆಯ್ತು, 29200 ಆಯ್ತು. ಈಚಿನ ಲಿನಕ್ಸ್ 64240. ವಿಂಡೋಸ್ 10 ಕೂಡ ಬಹಳ ಸಲ ಅದೇ 64240 ಕೊಡುತ್ತೆ. ಎರಡೂ ಸಾಮಾನ್ಯ ಎಮ್‌ಎಸ್‌ಎಸ್ 1460ರ 44 ಪಟ್ಟು. ಇದೊಂದನ್ನೇ ನಂಬಿದವರು ಕೆಟ್ಟರು.

ಅದೆಲ್ಲ ಇರಲಿ. ಕೀಲಿಕೈ, ಆ 37ರ ಮ್ಯಾಕ್ ಅಡ್ರೆಸ್, ಅಂದ್ರೆ ನೆಟ್‌ವರ್ಕ್ ಕಾರ್ಡಿಗೆ ಕಂಪನಿ ಕೊಟ್ಟ ಗುರುತು ಸಂಖ್ಯೆ, ಯಾವ ಕಂಪನಿದು? ಒಂದೇ ಲ್ಯಾನ್‌ನಲ್ಲಿ ಇದ್ದೀರಲ್ಲ, ಕಾಣಬೇಕು.

ಲ್ಯಾಬ್_ಕೀಲಿಕೈ · ರಾತ್ರಿ 10:58

ಅದೇ ಸರ್ ಇನ್ನೊಂದು ಗೋಜಲು. ಮ್ಯಾಕ್‌ನ ಮೊದಲ ಮೂರು ಜೋಡಿ ನೋಡಿದರೆ ಪಿಸಿ ಮಾಡೋ ಕಂಪನಿದು. ನಮ್ಮಲ್ಲಿ ಮ್ಯಾಕ್ ನೋಂದಾಯಿಸಿದ ಮೆಷಿನ್‌ಗೆ ಮಾತ್ರ ಐಪಿ ಕೊಡ್ತೇವೆ. ಈ ಮ್ಯಾಕ್ ಹಳೆಯ ರಿಜಿಸ್ಟರ್‌ನಲ್ಲಿ ಇದೆ. ಆದರೆ ಯಾವ ರೂಮು ಅನ್ನೋ ಕಡೆ ನನಗಿಂತ ಮುಂಚೆ ಇದ್ದವರು "ಆಫೀಸ್" ಅಂತ ಬರೆದು ಬಿಟ್ಟಿದ್ದಾರೆ. ಆಫೀಸ್ ಅಂದ್ರೆ ಆರು ರೂಮು.

ಪಿಂಗ್_ಪುಟ್ಟ · ರಾತ್ರಿ 11:02

ಪಿಸಿ ಕಂಪನಿ ಮ್ಯಾಕ್, ಟಿಟಿಎಲ್ 64. ಪಿಸಿ ಮೇಲೆ ಲಿನಕ್ಸ್. ನಾನು ಹೇಳಿದ್ದೇ.

ಕರಾವಳಿ_ಕೇಬಲ್ · ಮಂಗಳವಾರ ಬೆಳಿಗ್ಗೆ 7:15

ಮಾರಾಯ್ರೆ, ನಿಮ್ಮ ಪತ್ತೇದಾರಿ ಮುಂದುವರೀಲಿ. ಆದರೆ ಸ್ಕ್ಯಾನ್ ಮಾಡುವಾಗ ಪ್ರಿಂಟರ್ ಬಗ್ಗೆ ಸ್ವಲ್ಪ ಜಾಗ್ರತೆ.

ನಾನು ಮುಂಚೆ ಇದ್ದ ಒಂದು ಆಫೀಸಿನಲ್ಲಿ ವರ್ಷನ್ ಪತ್ತೆ ಓಡಿಸಿದೆ. ಪೋರ್ಟ್ 9100 ಅಂದ್ರೆ ಪ್ರಿಂಟರ್‌ನದ್ದು. ಅಲ್ಲಿಗೆ ಏನು ಕಳಿಸಿದರೂ ಅದು "ಓ, ಪ್ರಿಂಟ್ ಮಾಡಲಿಕ್ಕೆ ಬಂತು" ಅಂತ ಅಚ್ಚು ಹಾಕುತ್ತದೆ. ಎನ್‌ಮ್ಯಾಪ್‌ನವರಿಗೆ ಇದು ಗೊತ್ತು, ಹಾಗಾಗಿ ವರ್ಷನ್ ಪತ್ತೆಯಲ್ಲಿ 9100ರಿಂದ 9107ರವರೆಗೆ ಮುಟ್ಟುವುದೇ ಇಲ್ಲ. ನಾನು ಜಾಣ, ಯಾವುದನ್ನೂ ಬಿಡಬೇಡ ಅನ್ನುವ ಆಯ್ಕೆ ಸೇರಿಸಿದೆ. ಹತ್ತು ನಿಮಿಷಕ್ಕೆ ಕ್ಯಾಷಿಯರ್ ಮೇಡಂ ಒಂದು ಕಂತೆ ಹಾಳೆ ಹಿಡ್ಕೊಂಡು ಬಂದರು. ಒಂದೊಂದು ಹಾಳೆಯ ತಲೆಯಲ್ಲಿ ಒಂದೇ ಸಾಲು, "ಗೆಟ್ / ಎಚ್‌ಟಿಟಿಪಿ 1.0". ಕೆಲವದರಲ್ಲಿ ಬರೀ ಒಡೆದ ಅಕ್ಷರ. "ಇದು ಯಾರ ಬಿಲ್ಲು ಸರ್?" ಅಂತ ಕೇಳಿದರು. ಉತ್ತರ ಹೇಳಲಿಕ್ಕೆ ನನ್ನ ಹತ್ತಿರ ಬಾಯಿ ಇರಲಿಲ್ಲ.

ಎರಡನೇ_ಸೆಮ್ · ಬೆಳಿಗ್ಗೆ 8:30

ಸರ್ ನಾನು ಸ್ಟೂಡೆಂಟ್. ಎನ್‌ಮ್ಯಾಪ್ ಹೇಗೆ ಓಎಸ್ ಕಂಡುಹಿಡಿಯುತ್ತೆ? ನಮ್ಮ ಯೂನಿವರ್ಸಿಟಿ ವೆಬ್‌ಸೈಟ್ ಮೇಲೆ ಟ್ರೈ ಮಾಡಬಹುದಾ?

ರಾತ್ರಿಪಾಳಿ · ಬೆಳಿಗ್ಗೆ 9:10

ಎರಡನೇ ಪ್ರಶ್ನೆಗೆ ಮೊದಲು. ಬೇಡ ತಮ್ಮಾ. ಮಾಲೀಕರ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ಕೆದಕೋದು ಐಟಿ ಕಾಯ್ದೆ 2000ರ ಸೆಕ್ಷನ್ 43ರ ಹತ್ತಿರ ಹೋಗುತ್ತೆ. ಸೆಕ್ಷನ್ 66 ಹಚ್ಚಿದರೆ ಮೂರು ವರ್ಷದವರೆಗೆ ಜೈಲು, ಇಲ್ಲ ಐದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಬರೀ ಸ್ಕ್ಯಾನ್ ತಾನೇ ಅಂತ ವಾದ ಮಾಡಬಹುದು, ಆದರೆ ಆ ವಾದ ನೀನು ಎಲ್ಲಿ ನಿಂತು ಮಾಡಬೇಕಾಗುತ್ತೆ ಯೋಚನೆ ಮಾಡು. ಮನೇಲಿ ಎರಡು ವರ್ಚುವಲ್ ಮೆಷಿನ್ ಹಾಕ್ಕೊಂಡು ಅದರ ಮೇಲೆ ಆಡು.

ಈಗ ಮೊದಲನೆಯದು. ಫ್ಯೋಡರ್ ಅಂತ ಹೆಸರಿಟ್ಟುಕೊಂಡ ಗಾರ್ಡನ್ ಲಿಯಾನ್ 1997ರಲ್ಲಿ ಎನ್‌ಮ್ಯಾಪ್ ಹೊರತಂದರು. ಓಎಸ್ ಪತ್ತೆ 1998ರಲ್ಲಿ ಬಂತು, 2006ರಲ್ಲಿ ಅದನ್ನು ಹೊಸದಾಗಿ ಬರೆದರು. ಈಗಿನದು 16ರವರೆಗೆ ಪರೀಕ್ಷಾ ಪ್ಯಾಕೆಟ್ ಕಳಿಸುತ್ತೆ. ಆರು ಸಿನ್ ತೆರೆದ ಪೋರ್ಟಿಗೆ, ಉತ್ತರದಲ್ಲಿ ಬರೋ ಸೀಕ್ವೆನ್ಸ್ ನಂಬರ್ ಹೇಗೆ ಏರುತ್ತೆ ನೋಡೋಕೆ. ಎರಡು ಐಸಿಎಂಪಿ (ಪಿಂಗ್ ಥರದ್ದು), ಒಂದು ಇಸಿಎನ್ (ದಟ್ಟಣೆ ಸೂಚನೆಯ ಪರೀಕ್ಷೆ), ಆರು ವಿಚಿತ್ರ ಟಿಸಿಪಿ. ವಿಚಿತ್ರ ಅಂದ್ರೆ ಒಂದೂ ಫ್ಲ್ಯಾಗ್ ಇಲ್ಲದ್ದು, ಶುರು ಅನ್ನೋ ಸಿನ್, ಮುಗೀತು ಅನ್ನೋ ಫಿನ್ ಎರಡೂ ಒಟ್ಟಿಗೆ ಹೊತ್ತದ್ದು, ಹೀಗೆ. ಕೊನೆಗೆ ಮುಚ್ಚಿದ ಪೋರ್ಟಿಗೆ ಒಂದು ಯುಡಿಪಿ (ಕನೆಕ್ಷನ್ ಮಾಡದೆ ಕಳಿಸೋ ಪ್ಯಾಕೆಟ್), ಅದರೊಳಗೆ ಇಂಗ್ಲಿಷಿನ ಸಿ ಅಕ್ಷರ 300 ಸಲ. ಯಾರೂ ಕೇಳದ ಪ್ರಶ್ನೆ ಕೇಳಿದಾಗ ಒಬ್ಬೊಬ್ಬರು ಒಂದೊಂದು ಥರ ತಡವರಿಸ್ತಾರಲ್ಲ, ಆ ತಡವರಿಕೆಯನ್ನ ತನ್ನ ಪಟ್ಟಿಯ ಜೊತೆ ಹೋಲಿಸುತ್ತೆ.

ಇಲ್ಲೊಂದು ಮುಖ್ಯ ವಿಷಯ. ಕೀಲಿಕೈ, ನೀವೂ ಕೇಳಿಸ್ಕೊಳ್ಳಿ. ಸರಿಯಾಗಿ ಹೇಳೋಕೆ ಅದಕ್ಕೆ ಕನಿಷ್ಠ ಒಂದು ತೆರೆದ ಪೋರ್ಟು, ಒಂದು ಮುಚ್ಚಿದ ಪೋರ್ಟು ಬೇಕು. ಎರಡರಿಂದಲೂ ಬಂದ ಉತ್ತರ ಸೇರಿಸಿ ಒಂದು ಬೆರಳಚ್ಚು ಮಾಡುತ್ತೆ. ಎರಡೂ ಉತ್ತರ ಒಂದೇ ಮೆಷಿನ್ ಕೊಟ್ಟಿದ್ದು ಅಂತ ನಂಬಿಕೊಂಡು. ಆ ನಂಬಿಕೆ ತಪ್ಪಾದರೆ?

ಪೇಡಾ_ಪ್ಯಾಕೆಟ್ · ಬೆಳಿಗ್ಗೆ 9:48

ರಾತ್ರಿಪಾಳಿಯವರು ಎಲ್ಲಿಗೆ ಹೊಂಟಾರ ತಿಳೀತು. ಕೀಲಿಕೈ ಅವರೇ, ಒಂದು ಕೆಲಸ ಮಾಡ್ರಿ. ಬರೇ ಸಿನ್ ಸ್ಕ್ಯಾನ್, ರೂಟ್ (ಅಡ್ಮಿನ್) ಆಗಿ ಓಡಿಸಿ, ರೀಸನ್ ಅನ್ನೋ ಆಯ್ಕೆ ಸೇರಿಸ್ರಿ. ಪ್ರತಿ ಪೋರ್ಟಿನ ಮುಂದೆ ಯಾಕೆ ತೆರೆದದ ಅಂತೀನಿ, ಯಾಕೆ ಮುಚ್ಚೇದ ಅಂತೀನಿ ಅಂತ ಕಾರಣ ಬರೀತದ. ಅದರ ಪಕ್ಕದಾಗ ಆ ಉತ್ತರದ ಟಿಟಿಎಲ್ ಕೂಡ ಬರೀತದ. 3389ರ ಸಾಲು ಮತ್ತು ಯಾವುದಾದರೂ ಮುಚ್ಚಿದ ಪೋರ್ಟಿನ ಸಾಲು, ಎರಡೂ ಇಲ್ಲಿ ಹಾಕ್ರಿ.

ಲ್ಯಾಬ್_ಕೀಲಿಕೈ · ಮಧ್ಯಾಹ್ನ 1:20

ಊಟಕ್ಕೆ ಬಿಟ್ಟಾಗ ಓಡಿಸಿದೆ.

ಪೋರ್ಟ್ 3389, ತೆರೆದಿದೆ, ಸಿನ್-ಆಕ್, ಟಿಟಿಎಲ್ 127.
ಪೋರ್ಟ್ 22, ಮುಚ್ಚಿದೆ, ರೀಸೆಟ್, ಟಿಟಿಎಲ್ 64.

127?! ನಾನೂ ಅದೂ ಒಂದೇ ಲ್ಯಾನ್‌ನಲ್ಲಿ ಇದ್ದೇವೆ, ನಡುವೆ ರೌಟರೇ ಇಲ್ಲ. ಹೆಂಗೆ ಒಂದು ಕಮ್ಮಿ ಆಯ್ತು?

ಪೇಡಾ_ಪ್ಯಾಕೆಟ್ · ಮಧ್ಯಾಹ್ನ 1:26

ನಡುವೆ ರೌಟರ್ ಅದ. ನಿಮಗ ಗೊತ್ತಿಲ್ಲದ್ದು.

ರಾತ್ರಿಪಾಳಿ · ಮಧ್ಯಾಹ್ನ 1:44

ನಿದ್ದೆ ಕಣ್ಣಲ್ಲೇ ಬರೀತಿದ್ದೇನೆ, ಆದರೆ ಇದನ್ನ ಬಿಟ್ಟು ಮಲಗೋಕೆ ಆಗಲ್ಲ.

37 ಅನ್ನೋದು ಪಿಸಿ ಅಲ್ಲ. ಯಾರೋ ಒಂದು ಪುಟ್ಟ ವೈಫೈ ರೌಟರ್ ಇಟ್ಟಿದ್ದಾರೆ. ಅದರ ವ್ಯಾನ್ ಕಿಂಡಿಗೆ, ಅಂದ್ರೆ ಹೊರಗಿನ ನೆಟ್ ಚುಚ್ಚೋ ಕಿಂಡಿಗೆ, ನಿಮ್ಮ ಗೋಡೆಯ ಕೇಬಲ್ ಚುಚ್ಚಿದ್ದಾರೆ, ಅದರ ಹಿಂದೆ ಪಿಸಿ ಇಟ್ಟು 3389 ಮಾತ್ರ ಒಳಗೆ ಫಾರ್ವರ್ಡ್ ಮಾಡಿದ್ದಾರೆ. ಪಿಂಗ್ ಮಾಡಿದರೆ ರೌಟರೇ ಉತ್ತರ ಕೊಡುತ್ತೆ, ಅದರೊಳಗೆ ಲಿನಕ್ಸ್, 64. ಮುಚ್ಚಿದ ಪೋರ್ಟಿಗೆ ರೀಸೆಟ್ ಕೊಡೋದೂ ರೌಟರೇ, 64. 3389ಕ್ಕೆ ಮಾತ್ರ ಒಳಗಿರೋ ವಿಂಡೋಸ್ 128ರಿಂದ ಉತ್ತರ ಕಳಿಸುತ್ತೆ, ರೌಟರ್ ದಾಟುವಾಗ ಒಂದು ಕಳೆದು 127. ಎನ್‌ಮ್ಯಾಪ್ ತೆರೆದ ಪೋರ್ಟಿನ ಉತ್ತರ ವಿಂಡೋಸಿಂದ ತಗೊಂಡಿದೆ, ಮುಚ್ಚಿದ್ದರ ಉತ್ತರ ಲಿನಕ್ಸಿಂದ. ಎರಡೂ ಸೇರಿಸಿ ಒಬ್ಬನ ಮುಖ ಬರೆಯೋಕೆ ಹೋಗಿ ಕೈ ಎತ್ತಿದೆ. ಪಾಪ, ಅದರ ತಪ್ಪಲ್ಲ.

ಐಪಿ ಅಡ್ರೆಸ್ ಅಂದ್ರೆ ಒಂದು ಮೆಷಿನ್ ಅಂತ ನಾವು ಅಂದುಕೊಂಡು ಬಿಡ್ತೇವೆ. ಈ ಕೆಲಸದಲ್ಲಿ ಕೇಳಬೇಕಾದ್ದು "ಆ ಅಡ್ರೆಸ್‌ನಲ್ಲಿ ಯಾವ ಓಎಸ್" ಅಂತ ಅಲ್ಲ, "ಈ ಒಂದು ಉತ್ತರ ಕೊಟ್ಟಿದ್ದು ಯಾರು" ಅಂತ. ದೊಡ್ಡ ವೆಬ್‌ಸೈಟ್‌ಗಳಲ್ಲೂ ಹೀಗೇ. ಮುಂದೆ ನಿಂತು ಸರ್ವರ್‌ಗಳಿಗೆ ಕೆಲಸ ಹಂಚೋ ಲೋಡ್ ಬ್ಯಾಲೆನ್ಸರಿನ ಬೆರಳಚ್ಚು ತಗೊಂಡು ಸರ್ವರ್ ಲಿನಕ್ಸ್ ಅಂತ ರಿಪೋರ್ಟ್ ಬರೆದವರನ್ನ ನಾನು ನೋಡಿದ್ದೇನೆ.

ಪಿಂಗ್_ಪುಟ್ಟ · ಮಧ್ಯಾಹ್ನ 1:50

ಒಂದು ನಿಮಿಷ. ಮ್ಯಾಕ್ ಪಿಸಿ ಕಂಪನಿದು ಅಂದ್ರಲ್ಲ? ರೌಟರ್ ಆಗಿದ್ರೆ ರೌಟರ್ ಕಂಪನಿ ಮ್ಯಾಕ್ ಬರಬೇಕಿತ್ತು.

ಪೇಡಾ_ಪ್ಯಾಕೆಟ್ · ಮಧ್ಯಾಹ್ನ 1:57

ಛಲೋ ಪ್ರಶ್ನೆ. ಆ ರೌಟರ್‌ಗಳ ಸೆಟ್ಟಿಂಗ್ ಪುಟದಾಗ "ಮ್ಯಾಕ್ ಕ್ಲೋನ್" ಅಂತ ಒಂದು ಗುಂಡಿ ಇರ್ತದ. ಒತ್ತಿದರ ಪಿಸಿಯ ಮ್ಯಾಕನ್ನ ತಾನೇ ಹೊತ್ಕೊಂಡು ಹೊರಗ ತೋರಿಸ್ತದ. ನೋಂದಾಯಿಸಿದ ಮ್ಯಾಕ್‌ಗೆ ಮಾತ್ರ ಐಪಿ ಅಂದ್ರಲ್ಲ, ರೌಟರ್‌ಗೆ ಐಪಿ ಸಿಗಬೇಕಾದ್ರ ಅದೇ ದಾರಿ.

ಮ್ಯಾಕ್ ಸುಳ್ಳು ಹೇಳಬಹುದು, ಐಪಿ ಹಂಚೋ ವ್ಯವಸ್ಥೆ ಡಿಎಚ್‌ಸಿಪಿ ಬಾಯಿ ಬಿಡ್ತದ. ಐಪಿ ಕೇಳುವಾಗ ಕ್ಲೈಂಟ್ ತನ್ನ ಕುಲ ಹೇಳೋ ಜಾಗ ಒಂದದ, ಆಯ್ಕೆ 60. ವಿಂಡೋಸ್ ಆದ್ರ "ಎಂಎಸ್‌ಎಫ್‌ಟಿ 5.0" ಅಂತದ, ಆಂಡ್ರಾಯ್ಡ್ ಫೋನು "ಆಂಡ್ರಾಯ್ಡ್-ಡಿಎಚ್‌ಸಿಪಿ" ಅಂತ ಶುರು ಮಾಡಿ ಮುಂದೆ ವರ್ಷನ್ ನಂಬರ್ ಬರೀತದ. ಆಯ್ಕೆ 55ರಾಗ ಏನೇನು ಬೇಕು ಅಂತ ಕೇಳೋ ಪಟ್ಟಿಯ ಕ್ರಮ ಕೂಡ ಓಎಸ್‌ಗೊಂದು ಥರ. ಲಾಗ್ ನೋಡ್ರಿ.

ಲ್ಯಾಬ್_ಕೀಲಿಕೈ · ಸಂಜೆ 4:35

ಲಾಗ್‌ನಲ್ಲಿ ಅದು ಬರ್ತಿರಲಿಲ್ಲ. ಪ್ಯಾಕೆಟ್ ಹಿಡಿದು ತೋರಿಸೋ ಟಿಸಿಪಿಡಂಪ್ ಹಾಕಿ ಐಪಿ ಲೀಸ್ ನವೀಕರಣಕ್ಕೆ ಕಾದು ಕೂತೆ. ಗಂಟೆ ಮೂರು ದಾಟಿದ ಮೇಲೆ ಬಂತು. ಆಯ್ಕೆ 60ರಲ್ಲಿ "ಯುಡಿಎಚ್‌ಸಿಪಿ" ಅಂತಿದೆ, ಮುಂದೆ ಒಂದು ವರ್ಷನ್ ನಂಬರ್.

ಪೇಡಾ_ಪ್ಯಾಕೆಟ್ · ಸಂಜೆ 4:38

ಬಿಝಿಬಾಕ್ಸ್ ಅನ್ನೋ ಪುಟ್ಟ ಲಿನಕ್ಸ್ ಟೂಲ್ ಕಂತೆಯ ಡಿಎಚ್‌ಸಿಪಿ ಕ್ಲೈಂಟ್ ಅದು. ಸಣ್ಣ ರೌಟರ್, ಕ್ಯಾಮೆರಾ, ಇಂಥವುಗಳ ಒಳಗೇ ಇರೋದು. ಮುಗೀತು.

ಪಿಂಗ್_ಪುಟ್ಟ · ಸಂಜೆ 4:51

ಸೋತೆ. ಒಂದೇ ಸಮಾಧಾನ, ಲಿನಕ್ಸ್ ಇದೆ ಅಂತ ಹೇಳಿದ್ದೆ, ಇತ್ತು. ಎಲ್ಲಿ ಅಂತ ಹೇಳಿರಲಿಲ್ಲ.

ಟಿಟಿಎಲ್ ಒಂದು ಕಮ್ಮಿ ಆಗೋದು ನನಗೆ ಹೊಳೀಬೇಕಿತ್ತು ನಿಜವಾಗಿ. ಫೋನಿಂದ ಹಾಟ್‌ಸ್ಪಾಟ್ ಕೊಟ್ಟರೆ ಹಿಂದಿರೋ ಲ್ಯಾಪ್‌ಟಾಪಿನ 64 ಫೋನ್ ದಾಟುವಾಗ 63 ಆಗುತ್ತೆ, ಅದನ್ನ ನೋಡಿ ಟೆಥರಿಂಗ್ ಹಿಡಿಯೋ ಮೊಬೈಲ್ ಕಂಪನಿಗಳು ಹೊರದೇಶದಲ್ಲಿ ಇದ್ದಾವೆ. ಅದಕ್ಕೆ ಜನ ಲ್ಯಾಪ್‌ಟಾಪಿನಲ್ಲಿ 65 ಇಟ್ಟುಕೊಳ್ತಾರೆ. ಇದೇ ಉಪಾಯ ನೂರು ಸಲ ಓದಿದ್ದೇನೆ.

ರಾತ್ರಿಪಾಳಿ · ರಾತ್ರಿ 8:05

ಕೀಲಿಕೈ, ಈಗ ಒಳಗಿರೋ ವಿಂಡೋಸ್ ಯಾವುದು ಅಂತ ತಿಳ್ಕೊಳ್ಳಿ. ಅದಕ್ಕೆ ಟಿಸಿಪಿ ಬೇಡ. ರಿಮೋಟ್ ಡೆಸ್ಕ್‌ಟಾಪ್ ಲಾಗಿನ್‌ಗೆ ಮುಂಚೆ ಎನ್‌ಟಿಎಲ್‌ಎಂ ಅನ್ನೋ ಗುರುತು ಪರೀಕ್ಷೆಯ ಮಾತುಕತೆ ನಡೆಯುತ್ತಲ್ಲ, ಪಾಸ್‌ವರ್ಡ್ ಕೇಳೋಕೆ ಮುಂಚೆಯೇ ಆ ಮೆಷಿನ್ ತನ್ನ ಹೆಸರು, ಬಿಲ್ಡ್ ನಂಬರ್ ಎರಡೂ ಹೇಳಿಬಿಡುತ್ತೆ. ಎನ್‌ಮ್ಯಾಪ್ ಜೊತೆ ಬರೋ ಆರ್‌ಡಿಪಿ-ಎನ್‌ಟಿಎಲ್‌ಎಂ-ಇನ್ಫೋ ಸ್ಕ್ರಿಪ್ಟ್ ಓಡಿಸಿ.

ಉಳಿದ ಪಟ್ಟಿಗೂ ಇದೇ ದಾರಿ. ವಿಂಡೋಸ್ 10ಕ್ಕೂ 11ಕ್ಕೂ ಟಿಸಿಪಿ ನೋಡಿ ವ್ಯತ್ಯಾಸ ಹೇಳೋಕೆ ಹೋಗಬೇಡಿ, ಎರಡೂ ತಮ್ಮನ್ನ 10.0 ಅಂತಲೇ ಕರ್ಕೊಳ್ತವೆ. ಬ್ರೌಸರಿನ ಯೂಸರ್ ಏಜೆಂಟ್‌ನಲ್ಲೂ ಅದೇ. ಬಿಲ್ಡ್ ನೋಡಿ, 22000 ಮತ್ತು ಮೇಲಿದ್ದರೆ 11. ಒಂದು ಕಿವಿಮಾತು, ವಿಂಡೋಸ್ 10ರ 22ಎಚ್2 ವರ್ಷನ್ನಿನ ನಿಜವಾದ ಬಿಲ್ಡ್ 19045, ಆದರೆ ಈ ದಾರಿಯಲ್ಲಿ 19041 ಅಂತ ಕಾಣುತ್ತೆ. ಅಪ್‌ಡೇಟ್ ಆಗಿಲ್ಲ ಅಂತ ಗಾಬರಿ ಆಗಬೇಡಿ. ಲಿನಕ್ಸ್ ಲ್ಯಾಬ್ ಇದ್ದರೆ ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್ ಸೇವೆ ತನ್ನ ಪರಿಚಯ ಹೇಳೋ ಬ್ಯಾನರ್ ಸಾಲು ಸಾಕು. ಓಪನ್‌ಎಸ್‌ಎಸ್‌ಎಚ್ 8.9 ಪಕ್ಕದಲ್ಲಿ ಉಬುಂಟು ಅಂತಿದ್ದರೆ 22.04, 9.6 ಅಂತಿದ್ದರೆ 24.04.

ಲ್ಯಾಬ್_ಕೀಲಿಕೈ · ರಾತ್ರಿ 8:31

ಓಡಿಸಿದೆ. ಕಂಪ್ಯೂಟರಿನ ಹೆಸರು "ಟ್ಯಾಲಿ-ಪಿಸಿ2". ವರ್ಷನ್ 6.1.7601.

ಅಯ್ಯೋ.

ಕರಾವಳಿ_ಕೇಬಲ್ · ರಾತ್ರಿ 8:36

ವಿಂಡೋಸ್ 7 ಸರ್ವಿಸ್ ಪ್ಯಾಕ್ 1! ನೀವು 10ರ ಸಪೋರ್ಟ್ ಮುಗೀತು ಅಂತ ಪಟ್ಟಿ ಮಾಡ್ತಾ ಇದ್ದೀರಿ, ಇಲ್ಲಿ 2020ರ ಜನವರಿಯಲ್ಲೇ ಸತ್ತದ್ದು ಕೂತು ಲೆಕ್ಕ ಬರೀತಾ ಉಂಟು.

ಪೇಡಾ_ಪ್ಯಾಕೆಟ್ · ರಾತ್ರಿ 8:40

ನಗೋ ಮಾತಲ್ಲ ಇದು. 7ರ ಮೇಲೆ 3389 ತೆರೆದಿಡೋದು ಅಂದ್ರ 2019ರ ಬ್ಲೂಕೀಪ್ ಅನ್ನೋ ಭದ್ರತಾ ದೋಷ ನೆನಪಾಗ್ತದ. ಪಾಸ್‌ವರ್ಡ್ ಬೇಕಿಲ್ಲ, ಲಾಗಿನ್‌ಗೂ ಮುಂಚೆಯೇ ಒಳಗೆ ಬರೋ ದಾರಿ ಅದು. 8 ಮತ್ತು 10ಕ್ಕೆ ಅದು ತಟ್ಟಲಿಲ್ಲ, 7ಕ್ಕೆ ತಟ್ಟಿತ್ತು. ಮೈಕ್ರೋಸಾಫ್ಟ್ ಆ ವರ್ಷದ ಮೇ ತಿಂಗಳಾಗ ಪ್ಯಾಚ್ ಕೊಟ್ಟಿತು, ನಿಮ್ಮದಕ್ಕ ಹಾಕ್ಯಾರೋ ಇಲ್ಲೋ. ಹೊರಗಿನ ಇಂಟರ್ನೆಟ್‌ನಿಂದ ಇದು ಕಾಣ್ತದೇನು, ಮೊದಲು ಅದನ್ನ ನೋಡ್ರಿ.

ಲ್ಯಾಬ್_ಕೀಲಿಕೈ · ರಾತ್ರಿ 8:47

ನಮ್ಮ ಮುಖ್ಯ ಫೈರ್‌ವಾಲ್‌ನಲ್ಲಿ 3389 ಹೊರಗಿನಿಂದ ಬಂದ್. ಈಗಷ್ಟೇ ಮನೆಯ ನೆಟ್‌ನಿಂದ ಪರೀಕ್ಷೆ ಮಾಡಿದೆ, ಬರಲಿಲ್ಲ. ಬದುಕಿದೆ.

ಟ್ಯಾಲಿ ಅಂದ ಮೇಲೆ ಅಕೌಂಟ್ಸ್ ರೂಮೇ. ನಾಳೆ ಬೆಳಿಗ್ಗೆ ಹೋಗ್ತೇನೆ.

ಎದ್ದು_ಹೋಗಿ_ನೋಡಿ · ರಾತ್ರಿ 8:49

ಕೊನೆಗೂ.

ಲ್ಯಾಬ್_ಕೀಲಿಕೈ · ಬುಧವಾರ ಮಧ್ಯಾಹ್ನ 12:10

ಹೋಗಿದ್ದೆ. ಮೂಲೆ ಮೇಜಿನ ಕೆಳಗೆ, ಹಳೆಯ ಫೀ ರಸೀದಿ ಪುಸ್ತಕಗಳ ರಾಶಿ ಹಿಂದೆ, ಬಿಳಿ ರೌಟರ್. ಧೂಳಿಗೆ ಬಿಳಿ ಅಂತ ಹೇಳೋದೂ ಕಷ್ಟ. ಒಂದು ಆಂಟೆನಾ ಮುರಿದಿದೆ, ಅದನ್ನ ಸೆಲ್ಲೋಟೇಪ್ ಸುತ್ತಿ ನಿಲ್ಲಿಸಿದ್ದಾರೆ. ಮೂರು ವರ್ಷದ ಹಿಂದೆ ರೂಮಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಲ್ಲ ಅಂತ ಅಲ್ಲಿನವರೇ ತಂದಿಟ್ಟದ್ದಂತೆ. ಪೋರ್ಟ್ ಫಾರ್ವರ್ಡ್ ಮಾಡಿದ್ದು ಸಾಫ್ಟ್‌ವೇರ್ ಸರಿಮಾಡೋಕೆ ಬಂದಿದ್ದ ಹುಡುಗ, ಪಕ್ಕದ ಬ್ಲಾಕಿನಲ್ಲಿ ಕೂತೇ ಕೆಲಸ ಮುಗಿಸಬೇಕು ಅಂತ. ಅವನು ಯಾರು, ಈಗ ಎಲ್ಲಿದ್ದಾನೆ, ಯಾರಿಗೂ ನೆನಪಿಲ್ಲ.

ಪಿಸಿಯ ಕೇಬಲನ್ನೂ ಬಿಡಿಸಿದೆ, ರೌಟರನ್ನೂ ಕಳಚಿ ತಂದೆ. ಹಳೆಯ ಲೆಕ್ಕದ ಬ್ಯಾಕಪ್ ತಗೊಳ್ತಿದ್ದೇನೆ, ಶುಕ್ರವಾರದೊಳಗೆ ಬೇರೆ ಮೆಷಿನ್ ಇಡ್ತೇನೆ ಅಂತ ಹೇಳಿ ಬಂದಿದ್ದೇನೆ. ಪಟ್ಟಿಯಲ್ಲಿ 37ರ ಮುಂದೆ ಎರಡು ಸಾಲು ಬರೆದೆ, ಒಂದು ರೌಟರಿಗೆ, ಒಂದು 7ಕ್ಕೆ.

ಈಗ ಅಕೌಂಟ್ಸ್‌ನವರು ಮೂರನೇ ಸಲ ಫೋನ್ ಮಾಡ್ತಿದ್ದಾರೆ. ಲೆಕ್ಕದ ಕಂಪ್ಯೂಟರ್ ಬಗ್ಗೆ ಒಂದು ಮಾತಿಲ್ಲ. "ವೈಫೈ ಯಾವಾಗ ಬರುತ್ತೆ ಸರ್?" ಅಂತ.